ತಡವಾಗಿ ಹಿಡಿಸಿದ ಸೆಂಟು

‘ಏನಕ್ಕಾ ಇದು, ಜೀರಿಗೆ ಒಗ್ಗರಣಿ ಸೀದು ಹೋದಂಗೈತಿ!’

ನನ್ನ ಮುಂಗೈಗೆ ಮೂಗು ತಾಗಿಸಿ ತಮ್ಮ ಕೊಟ್ಟ ತೀರ್ಪು ಇದು. ಅವನು ಹಾಗೆ ಮೂಗು ಮುರಿದದ್ದು ಪ್ಯಾರಿಸ್ಸಿನ ಒಂದು ಸೆಂಟಿಗೆ. ನನ್ನ ಒಂದು ತಿಂಗಳ ಸಂಬಳ ಪೂರ್ತಿ ಕೊಟ್ಟರೂ ಅದರ ಒಂದು ಬಾಟಲಿ ಬರುವುದಿಲ್ಲ. ಆಗ ನಾನೂ ತಮ್ಮನ ಮಾತಿಗೆ ತಲೆಯಾಡಿಸಿದ್ದೆ. ಇವತ್ತು ಅದೇ ಸೆಂಟಿನ ಬಗ್ಗೆ ಬರೆಯಲು ಕೂತಿದ್ದೇನೆ. ನಡುವೆ ಎಂಟು ತಿಂಗಳು ಕಳೆದಿವೆ.

ನಾನು ಕಮಲಾಪುರದವಳು. ಹೊಸಪೇಟೆಯಿಂದ ಹಂಪಿಗೆ ಹೋಗುವವರು ಬಸ್ಸಿನ ಕಿಟಕಿಯಿಂದ ನಮ್ಮೂರಿನ ಕೆರೆ ನೋಡುತ್ತಾರೆ, ಪುರಾತತ್ವ ವಸ್ತು ಸಂಗ್ರಹಾಲಯದ ಹತ್ತಿರ ಇಳಿದು ಎಳನೀರು ಕುಡಿಯುತ್ತಾರೆ, ಮುಂದೆ ಹೋಗುತ್ತಾರೆ. ಬಿ.ಕಾಂ. ಮುಗಿಸಿದ ಮೇಲೆ ನನಗೆ ಊರಿನ ಹತ್ತಿರದ ದೊಡ್ಡ ಹೋಟೆಲೊಂದರಲ್ಲಿ ರಿಸೆಪ್ಷನ್ ಕೆಲಸ ಸಿಕ್ಕಿತು. ಅವ್ವ ಬಾಳೆ ತೋಟಕ್ಕೆ ಕೂಲಿಗೆ ಹೋಗುತ್ತಾಳೆ. ತಮ್ಮ ಪಿಯುಸಿ ಓದುತ್ತಿದ್ದಾನೆ. ಮನೆಯಲ್ಲಿ ಗ್ಯಾಸ್ ಇದೆ, ಆದರೆ ಸ್ನಾನದ ನೀರು ಇನ್ನೂ ಕಟ್ಟಿಗೆ ಒಲೆಯ ಮೇಲೆಯೇ ಕಾಯುತ್ತದೆ.

ಒಲೆಯ ವಿಷಯ ಸುಮ್ಮನೆ ಹೇಳುತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರದ ತರಬೇತಿಯಲ್ಲಿ ನಮಗೆ ಕಲಿಸಿದ್ದು ಉಗುರು ಹೇಗಿರಬೇಕು, ಕೂದಲು ಹೇಗೆ ಕಟ್ಟಬೇಕು, ನಗು ಎಷ್ಟಿರಬೇಕು ಎಂಬುದು. ಜೊತೆಗೆ ಇನ್ನೊಂದು: ಅತಿಥಿಗಳ ಮುಂದೆ ನಿಂತಾಗ ನಮ್ಮಿಂದ ಯಾವ ವಾಸನೆಯೂ ಬರಬಾರದು. ಮಲ್ಲಿಗೆ ಬೇಡ, ಕೊಬ್ಬರಿ ಎಣ್ಣೆ ಬೇಡ. ‘ಸುತ್ತಲಿನ ಹಳ್ಳಿಗಳಿಂದ ಬರುವವರು ಒಲೆ ಹೊಗೆಯ ಕಡೆ ಗಮನ ಕೊಡಿ, ಅದು ಬಟ್ಟೆಯಲ್ಲಿ ಕೂತಿರುತ್ತೆ, ನಿಮಗೆ ಗೊತ್ತಾಗಲ್ಲ’ ಅಂದರು. ಅವರು ಯಾರ ಮುಖವನ್ನೂ ನೋಡಿ ಹೇಳಲಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು. ಅಂದು ಸಂಜೆಯೇ 199 ರೂಪಾಯಿಯ ಡಿಯೋ ತಂದೆ. ಇಪ್ಪತ್ತು ದಿನಕ್ಕೆ ಖಾಲಿ ಮಾಡಿದೆ.

ಮಿಝೋರ್ ಅಂದರೆ ಮೈಸೂರು

ಜನವರಿಯಲ್ಲಿ ಫ್ರಾನ್ಸ್‌ನಿಂದ ಬಂದಿದ್ದ ಹಿರಿಯ ಮಹಿಳೆಯೊಬ್ಬರು ಹೇಮಕೂಟದಲ್ಲಿ ಕನ್ನಡಕ ಕಳೆದುಕೊಂಡರು. ನನಗೆ ಪರಿಚಯದ ಆಟೊ ಅಣ್ಣನಿಗೆ ಫೋನ್ ಮಾಡಿದೆ. ಅವನು ಬಂಡೆಗಳ ಸಂದಿಯಲ್ಲಿ ಹುಡುಕಿ ತಂದುಕೊಟ್ಟ. ಹೊರಡುವ ದಿನ ಆ ಅಮ್ಮ ಹೆಬ್ಬೆರಳಿನಷ್ಟು ಉದ್ದದ ಗಾಜಿನ ಸೀಸೆಯೊಂದನ್ನು ನನ್ನ ಕೈಗಿಟ್ಟರು. ಹತ್ತು ಎಂಎಲ್ ಇರಬಹುದು. ಮನೆಯ ದೊಡ್ಡ ಬಾಟಲಿಯಿಂದ ಪ್ರಯಾಣಕ್ಕೆಂದು ತುಂಬಿಸಿಕೊಂಡು ಬಂದದ್ದು. ಮೇಲೆ ಕೈಬರಹದ ಚೀಟಿ. ‘ನಿಮ್ಮ ರಾಜ್ಯದ ಹೆಸರು ಇದರ ಮೇಲಿದೆ, ಮಿಝೋರ್’ ಎಂದರು. ಮೈಸೂರು ಫ್ರೆಂಚರ ಬಾಯಲ್ಲಿ ಮಿಝೋರ್ ಆಗುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ.

ಸೆಂಟಿನ ಹೆಸರು ‘ಸಾಂತಾಲ್ ದ ಮೈಸೋರ್’. ಅಂದರೆ ಮೈಸೂರಿನ ಶ್ರೀಗಂಧ. ಪ್ಯಾರಿಸ್‌ನ ಸೆರ್ಜ್ ಲ್ಯುಟೆನ್ಸ್ ಹೆಸರಿನ ಬ್ರ್ಯಾಂಡ್ ಇದನ್ನು ಮಾರುತ್ತದೆ. ಕ್ರಿಸ್ಟೋಫರ್ ಶೆಲ್ಡ್ರೇಕ್ ಎಂಬವರು 1990ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಅಂದರೆ ಇದು ನನಗಿಂತ ಹಿರಿಯ. ಇದೆಲ್ಲ ಆಮೇಲೆ ಮೊಬೈಲ್‌ನಲ್ಲಿ ಹುಡುಕಿ ತಿಳಿದುಕೊಂಡದ್ದು. ಅವತ್ತು ಮಾತ್ರ ಸೆಕ್ಯುರಿಟಿಯವರಿಗೆ ತೋರಿಸಲು ಗೇಟ್ ಪಾಸ್ ಬರೆಸಿಕೊಂಡು, ಸೀಸೆಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು, ನಿಧಿ ಸಿಕ್ಕವಳಂತೆ ಮನೆಗೆ ಬಂದೆ.

ಮನೆಯಲ್ಲಿ ಮುಂಗೈಗೆ ಒಂದು ಸಲ ಸಿಂಪಡಿಸಿಕೊಂಡೆ. ಪ್ಯಾರಿಸ್ ಅಂದರೆ ಗುಲಾಬಿ, ಸೇಬು, ಚಾಕೊಲೇಟು ಎಂದೆಲ್ಲ ಅಂದುಕೊಂಡಿದ್ದೆ. ಬಂದದ್ದು ಜೀರಿಗೆ. ಹುರಿದ ಜೀರಿಗೆ, ಅದರ ಹಿಂದೆ ಏನೋ ಮಸಾಲೆ, ಅದರ ಹಿಂದೆ ಸುಟ್ಟ ಸಕ್ಕರೆ. ತಮ್ಮನ ತೀರ್ಪು ಮೇಲೆಯೇ ಬರೆದಿದ್ದೇನೆ. ತೋಟದಿಂದ ಬಂದ ಅವ್ವ ಹೊಸ್ತಿಲಲ್ಲೇ ನಿಂತು ಕೇಳಿದಳು: ‘ಯಾರ್ದಾರ ಬೆವರಿನ ಅಂಗಿ ತಂದೀಯೇನು ಒಗಿಯಾಕ?’

ಹತ್ತಕ್ಕೆ ಮೂರು ಅಂಕ ಕೊಟ್ಟೆ. ಸೀಸೆ ಕಪಾಟಿನ ಹಿಂದಿನ ಮೂಲೆ ಸೇರಿತು.

ಎರಡು ತಾಸು ಬಿಟ್ಟು ಬಾ

ಹದಿನೈದು ದಿನ ಕಳೆದ ಮೇಲೆ ಒಂದು ಯೋಚನೆ ಬಂತು. ಹಿಡಿಸದ ವಸ್ತುವನ್ನು ಇಟ್ಟುಕೊಂಡು ಏನು ಮಾಡುವುದು? ಮಾರಿದರೆ ತಮ್ಮನ ಟ್ಯೂಷನ್ ಫೀಸಿಗಾದರೂ ಆದೀತು. ರಜೆಯ ದಿನ ಬಸ್ ಹತ್ತಿ ಹೊಸಪೇಟೆಗೆ ಹೋದೆ. ಅಲ್ಲಿ ಮಸೀದಿ ಹತ್ತಿರದ ಅತ್ತರ್ ಅಂಗಡಿಗೆ ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಹೋಗುತ್ತೇನೆ. ಗೆಳತಿಯ ಈದ್‌ಗೆ ಉಡುಗೊರೆ ಕೊಳ್ಳಲು ಶುರುವಾದ ಪರಿಚಯ.

ಅಂಗಡಿಯ ಚಾಚಾ ಸೀಸೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ತಮ್ಮ ಮುಂಗೈಗೆ ಒಂದಿಷ್ಟು ಹಾಕಿಕೊಂಡರು, ಮೂಸಿದರು, ಏನೂ ಹೇಳಲಿಲ್ಲ. ‘ಬೇಟಿ, ಸಂತೆ ಕೆಲಸ ಏನಾದ್ರೂ ಇದ್ರೆ ಮುಗ್ಸಿಕೊಂಡು ಎರಡು ತಾಸು ಬಿಟ್ಟು ಬಾ’ ಅಂದರು. ನಾನು ತಮ್ಮನಿಗೆ ಪುಸ್ತಕ ಕೊಂಡು, ಮಿರ್ಚಿ ತಿಂದು, ವಾಪಸ್ ಬಂದೆ. ಚಾಚಾ ಕೈ ಮುಂದೆ ಚಾಚಿದರು.

ಜೀರಿಗೆ ಇರಲಿಲ್ಲ. ಅದರ ಜಾಗದಲ್ಲಿ ಬೆಚ್ಚಗಿನ, ಹಾಲಿನ ಕೆನೆಯಂಥ, ಮರದ ಪರಿಮಳವೊಂದು ಮೆತ್ತಗೆ ಕೂತಿತ್ತು. ಇದನ್ನು ಎಲ್ಲೋ ಮೂಸಿದ್ದೇನೆ ಅನಿಸಿತು. ಎಲ್ಲಿ ಅಂತ ನೆನಪಾಗಲಿಲ್ಲ.

‘ಮೊದ್ಲು ಬರೋರು ನೆಂಟರು. ಗದ್ದಲ ಮಾಡ್ತಾರೆ, ಹೋಗ್ತಾರೆ. ಮನೆಯೋರು ಆಮೇಲೆ ಸಿಗ್ತಾರೆ’ ಎಂದು ಚಾಚಾ ನಕ್ಕರು. ಉತ್ತರ ಪ್ರದೇಶದ ಕನೌಜ್‌ನ ಅತ್ತರ್ ಬಗ್ಗೆ ಹೇಳಿದರು. ಅಲ್ಲಿ ತಾಮ್ರದ ದೊಡ್ಡ ಹಂಡೆಯಲ್ಲಿ ಹೂವು, ನೀರು ಹಾಕಿ ಮುಚ್ಚಳಕ್ಕೆ ಮಣ್ಣು ಮೆತ್ತಿ ಕಾಯಿಸುತ್ತಾರೆ. ಹಬೆ ಕೊಳವೆಯಲ್ಲಿ ಹಾದು ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ಹಳೆಯ ಪದ್ಧತಿಯಲ್ಲಿ ಆ ಪಾತ್ರೆಯೊಳಗೆ ಮೊದಲೇ ಇರುವುದು ಶ್ರೀಗಂಧದ ಎಣ್ಣೆ. ಗುಲಾಬಿ ಅತ್ತರ್ ಇರಲಿ, ಮಲ್ಲಿಗೆ ಅತ್ತರ್ ಇರಲಿ, ಹೂವಿನ ಕಂಪನ್ನು ಹಿಡಿದು ನಿಲ್ಲಿಸಿಕೊಳ್ಳುವುದು ಆ ಗಂಧದೆಣ್ಣೆಯೇ.

ಬೆಲೆ ಮಾತಾಡಲು ಬಾಯಿ ತೆರೆದೆ. ಚಾಚಾ ಸೀಸೆಯನ್ನು ವಾಪಸ್ ಕೊಟ್ಟರು. ‘ಇನ್ನೊಂದಿಷ್ಟು ದಿನ ಹಚ್ಚಿ ನೋಡು. ಆಮೇಲೂ ಮಾರ್ಬೇಕು ಅನ್ಸಿದ್ರೆ ತಗೊಂಬಾ.’

ಸೆಂಟಿಗೂ ಮೂರು ಆಟ

ಅಂದಿನಿಂದ ನಾನು ಸೆಂಟಿನ ವಿದ್ಯಾರ್ಥಿನಿಯಾದೆ. ಕಲಿತದ್ದನ್ನು ಸರಳವಾಗಿ ಹೇಳುತ್ತೇನೆ. ನೀವು ಮುಂದಿನ ಸಲ ಮಾಲ್‌ನಲ್ಲಿ ಕಾಗದದ ಪಟ್ಟಿ ಮೂಸಿ ದುಡ್ಡು ಕೊಡುವ ಮುಂಚೆ ಉಪಯೋಗಕ್ಕೆ ಬರಬಹುದು.

ಒಂದು ಸೆಂಟಿನೊಳಗೆ ಹತ್ತಾರು ಪದಾರ್ಥಗಳಿರುತ್ತವೆ. ಎಲ್ಲವೂ ಒಂದೇ ವೇಗದಲ್ಲಿ ಆವಿಯಾಗುವುದಿಲ್ಲ. ನಿಂಬೆ, ಕಿತ್ತಳೆಯಂಥವು ಹಗುರ. ಹತ್ತು ಹದಿನೈದು ನಿಮಿಷದಲ್ಲಿ ಹಾರಿಹೋಗುತ್ತವೆ. ಹೂವು, ಮಸಾಲೆಗಳದು ನಡುವಿನ ಆಟ, ಒಂದೆರಡು ತಾಸು. ಕೊನೆಗೆ ಉಳಿಯುವುದು ಮರ, ಅಂಟು, ಕಸ್ತೂರಿಯಂಥ ಭಾರದ ಪರಿಮಳಗಳು. ಇವನ್ನು ಟಾಪ್ ನೋಟ್, ಮಿಡಲ್ ನೋಟ್, ಬೇಸ್ ನೋಟ್ ಎನ್ನುತ್ತಾರೆ. ಶ್ರೀಗಂಧದೆಣ್ಣೆಯ ಮುಖ್ಯ ಅಂಶವಾದ ಸ್ಯಾಂಟಲಾಲ್‌ನ ಅಣು ನಿಂಬೆ ಸಿಪ್ಪೆಯ ಲಿಮೊನೀನ್‌ಗಿಂತ ಭಾರ. ಹಾಗಾಗಿಯೇ ಅದು ಚರ್ಮ ಬಿಟ್ಟು ಏಳುವುದು ನಿಧಾನ. ಅಂಗಡಿಯಲ್ಲಿ ನಾವು ಮೂಸುವುದು ಹೆಚ್ಚಾಗಿ ಮೊದಲ ಆಟವನ್ನು. ಮನೆಗೆ ತಂದು ದಿನವಿಡೀ ಬದುಕಬೇಕಾದದ್ದು ಕೊನೆಯ ಆಟದ ಜೊತೆ.

ಮೂಗಿನದೂ ಒಂದು ಸ್ವಭಾವ ಇದೆ. ಒಂದೇ ವಾಸನೆಯನ್ನು ಸ್ವಲ್ಪ ಹೊತ್ತು ಕೊಟ್ಟರೆ ಅದು ಗಮನಿಸುವುದನ್ನೇ ಬಿಡುತ್ತದೆ. ನಮ್ಮ ಮನೆಯ ವಾಸನೆ ನಮಗೆ ಗೊತ್ತಾಗದಿರುವುದು ಇದಕ್ಕೇ. ತರಬೇತಿಯಲ್ಲಿ ಹೇಳಿದ್ದು ಅಷ್ಟರ ಮಟ್ಟಿಗೆ ಸರಿಯೇ. ಇನ್ನು ಮನಸ್ಸಿನದೊಂದು ಸ್ವಭಾವ. ಪದೇ ಪದೇ ಎದುರಾಗುವುದನ್ನು ನಾವು ಬರಬರುತ್ತ ಇಷ್ಟಪಡಲು ಶುರು ಮಾಡುತ್ತೇವೆ ಎಂದು ರಾಬರ್ಟ್ ಝಯಾನ್ಸ್ ಎಂಬ ಮನೋವಿಜ್ಞಾನಿ 1968ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ಮೊದಲ ಸಲ ತಲೆನೋವು ತಂದ ಹಾಡು ಹತ್ತನೇ ಸಲಕ್ಕೆ ಬಾಯಲ್ಲಿ ಗುನುಗುತ್ತದಲ್ಲ, ಹಾಗೆ.

ವಾರಕ್ಕೆ ಎರಡು ಸಲ, ಡ್ಯೂಟಿ ಇಲ್ಲದ ಹೊತ್ತಲ್ಲಿ ಹಚ್ಚಿಕೊಳ್ಳತೊಡಗಿದೆ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅಂಕ ಬರೆದೆ. ಫೆಬ್ರುವರಿಯ ತಣ್ಣನೆ ಸಂಜೆಗಳಲ್ಲಿ ಐದು. ಏಪ್ರಿಲ್‌ನಲ್ಲಿ ನಮ್ಮ ಕಡೆಯ ಬಂಡೆಗಳು ಕಾದು ಹೆಂಚಾದಾಗ ಜೀರಿಗೆ ಮತ್ತೆ ಜೋರಾಯಿತು, ನಾಲ್ಕಕ್ಕೆ ಇಳಿಯಿತು. ಮಳೆ ಬಿದ್ದು ಗಾಳಿಯಲ್ಲಿ ತೇವ ಬಂದಾಗ ಒಂದೇ ಸಿಂಪಡಿಕೆ ರಾತ್ರಿ ಮಲಗುವವರೆಗೆ ಇರುತ್ತಿತ್ತು. ಆಗ ಏಳು. ಬರೀ ಒಣ ಚರ್ಮಕ್ಕಿಂತ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದ ಕೈ ಮೇಲೆ ಅದು ಹೆಚ್ಚು ಹೊತ್ತು ನಿಲ್ಲುತ್ತದೆ ಎಂದೂ ಗೊತ್ತಾಯಿತು. ಹೋಟೆಲ್‌ನಲ್ಲಿ ಬೇಡವೆಂದ ಅದೇ ಕೊಬ್ಬರಿ ಎಣ್ಣೆ!

ಮರವೂ ಕಾಯುತ್ತದೆ

ಪ್ಯಾರಿಸ್‌ನವರು ಮೈಸೂರಿನ ಹೆಸರನ್ನೇ ಯಾಕೆ ಇಟ್ಟರು ಎಂಬ ಪ್ರಶ್ನೆ ಬೆನ್ನು ಬಿಡಲಿಲ್ಲ. ಪರಿಮಳದ ಲೋಕದಲ್ಲಿ ಮೈಸೂರಿನ ಶ್ರೀಗಂಧ ಎಂದರೆ ಒಂದು ದರ್ಜೆ. 1989ರಲ್ಲಿ ಬಂದ ಗೆರ್ಲಾಂ ಕಂಪನಿಯ ಪ್ರಸಿದ್ಧ ‘ಸಂಸಾರ’ ಕೂಡ ಹೆಸರಾದದ್ದು ಅದರೊಳಗಿನ ಶ್ರೀಗಂಧಕ್ಕೆ. ಹೌದು, ನಮ್ಮದೇ ಸಂಸಾರ ಪದ!

ಶ್ರೀಗಂಧದ ಮರ ಮಾತ್ರ ಯಾವ ಅವಸರದಲ್ಲೂ ಇರುವುದಿಲ್ಲ. ಅದರ ಎಲೆಗೆ ಗಂಧವಿಲ್ಲ. ಆಡು ಮೇಯ್ದು ಹೋದರೂ ತಾನು ಏನು ತಿಂದೆನೆಂದು ಅದಕ್ಕೆ ತಿಳಿಯದು. ಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ತಾಗಿಸಿ ನೀರು, ಲವಣ ಹೀರಿಕೊಂಡು ಬೆಳೆಯುತ್ತದೆ. ಪರಿಮಳ ಕೂಡುವುದು ಕಾಂಡದ ಒಳಗಿನ ಚೇಗಿನಲ್ಲಿ, ಬೇರಿನಲ್ಲಿ. ಅದಕ್ಕೆ ಹದಿನೈದು ಇಪ್ಪತ್ತು ವರ್ಷವಾದರೂ ಬೇಕು. ಅಷ್ಟರೊಳಗೆ ಕಳ್ಳರ ಕಣ್ಣು ತಪ್ಪಿಸಿಕೊಳ್ಳಬೇಕು. 1998ರಿಂದ ಅದು ಅಪಾಯದ ಅಂಚಿನ ಸಸ್ಯಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಆಸ್ಟ್ರೇಲಿಯಾದಲ್ಲಿ ಈಗ ನಮ್ಮದೇ ಜಾತಿಯ ಮರದ ದೊಡ್ಡ ತೋಪುಗಳಿವೆ. ಪ್ರಯೋಗಾಲಯದಲ್ಲಿ ತಯಾರಾದ ಗಂಧದ ಬದಲಿಗಳೂ ಬಂದಿವೆ. ಆದ್ದರಿಂದ ಇವತ್ತು ಬಾಟಲಿಯ ಮೇಲೆ ಮೈಸೂರು ಎಂದು ಬರೆದಿದ್ದ ಮಾತ್ರಕ್ಕೆ ಒಳಗಿನ ಗಂಧವೆಲ್ಲ ಮೈಸೂರಿನದೇ ಆಗಬೇಕೆಂದಿಲ್ಲ.

ಹಾಗೆ ನೋಡಿದರೆ ನಮ್ಮ ಮೈಸೂರ್ ಸ್ಯಾಂಡಲ್ ಸೋಪಿನ ಹುಟ್ಟಿಗೂ ಕಾರಣ ಮಾರಾಟವಾಗದೆ ಉಳಿದ ಗಂಧವೇ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಹೋಗಬೇಕಿದ್ದ ಶ್ರೀಗಂಧದ ತುಂಡುಗಳು ಮೈಸೂರಿನಲ್ಲೇ ರಾಶಿ ಬಿದ್ದವು. ಇಲ್ಲೇ ಎಣ್ಣೆ ತೆಗೆಯೋಣ ಎಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯ ಹೊರಟರು. ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾಯಿತು. ಎಸ್.ಜಿ. ಶಾಸ್ತ್ರಿಯವರನ್ನು ಸಾಬೂನು ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳಿಸಿದರು. ಒಡವೆ ಪೆಟ್ಟಿಗೆಯಂಥ ಡಬ್ಬಿ, ಮೊಟ್ಟೆಯಾಕಾರದ ಸೋಪು, ಅದರ ಮೇಲೆ ಸಿಂಹದ ಮೈಗೆ ಆನೆಯ ತಲೆಯಿರುವ ಶರಭ. ಹಂಪಿಯ ಮಂಟಪಗಳ ಕಂಬಗಳಿಂದ ಜಿಗಿಯುವ ಯಾಳಿಗಳನ್ನು ನೋಡಿ ಬೆಳೆದ ನಮಗೆ ಆ ಚಿತ್ರ ಮನೆಯ ಪ್ರಾಣಿಯಂತೆ.

ಪರಿಮಳದ ಹುಚ್ಚು ನಮ್ಮ ನೆಲಕ್ಕೆ ಹೊಸದೂ ಅಲ್ಲ. 1025ರ ಸುಮಾರಿಗೆ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆ, ವೈದ್ಯ, ತೋಟಗಾರಿಕೆಯ ಜೊತೆ ಸುಗಂಧ ತಯಾರಿಕೆಯ ಪಾಠವೂ ಇದೆ. 1443ರಲ್ಲಿ ಇಮ್ಮಡಿ ದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಇಲ್ಲಿನ ಜನರಿಗೆ ಗುಲಾಬಿ ಅನ್ನದಷ್ಟೇ ಅಗತ್ಯ ಎಂಬರ್ಥದಲ್ಲಿ ಬರೆದಿದ್ದಾನೆ. ನಮ್ಮೂರಿಂದ ಹಂಪಿ ಕಡೆ ಹೊರಟರೆ ಮೊದಲು ಸಿಗುವ ರಾಣಿಯರ ಸ್ನಾನಗೃಹದಲ್ಲಿ ಗೈಡುಗಳು ಇಂದಿಗೂ ಪನ್ನೀರಿನ ಕಥೆ ಹೇಳುತ್ತಾರೆ. ಹೂವಿನ ಹಡಗಲಿಯ ಮಲ್ಲಿಗೆ ಈಗಲೂ ಹೊಸಪೇಟೆ ಮಾರುಕಟ್ಟೆಗೆ ಬರುತ್ತದೆ. ಇಂಥ ಊರಿನ ಹುಡುಗಿ ವಾಸನೆಯಿಲ್ಲದವಳಾಗಲು 199 ರೂಪಾಯಿಯ ಡಿಯೋ ಹಿಂದೆ ಬಿದ್ದಿದ್ದೆ.

ಜೀರಿಗೆಯ ಗುಟ್ಟು

ಒಂದು ದಿನ ಈ ಸೆಂಟಿನ ಜೀರಿಗೆಯ ಬಗ್ಗೆ ಓದುತ್ತಿದ್ದೆ. ಸೆಂಟು ಮಾಡುವವರು ಜೀರಿಗೆಯನ್ನು ಹಾಕುವುದು ಅಡುಗೆ ನೆನಪಾಗಲಿ ಎಂದಲ್ಲ. ಒಂದು ಹದಕ್ಕೆ ಬೆರೆಸಿದರೆ ಜೀರಿಗೆ ಮನುಷ್ಯರ ಬೆವರನ್ನು ಹೋಲುತ್ತದೆ. ಬರೀ ಹೂವು ಮರಗಳ ಪರಿಮಳ ಎಲ್ಲೋ ದೂರದಲ್ಲಿ ಇದ್ದಂತಿರುತ್ತದೆ. ಚೂರು ಜೀರಿಗೆ ಬಿದ್ದರೆ ಅದಕ್ಕೆ ಮೈಯ ಬಿಸಿ ಬರುತ್ತದೆ, ಪಕ್ಕದಲ್ಲಿ ಯಾರೋ ಇದ್ದಾರೆ ಅನಿಸುತ್ತದೆ.

ಮೊದಲ ದಿನ ಹೊಸ್ತಿಲಲ್ಲಿ ನಿಂತು ಅವ್ವ ಬೆವರಿನ ಅಂಗಿ ಎಂದಿದ್ದು ನೆನಪಾಯಿತು. ಬ್ರ್ಯಾಂಡು, ಬೆಲೆ ಗೊತ್ತಿಲ್ಲದ ಅವಳೊಬ್ಬಳೇ ಸರಿಯಾಗಿ ಹಿಡಿದಿದ್ದಳು.

ಆಗ ಇನ್ನೊಂದು ಸಂಗತಿಯೂ ನೆನಪಾಯಿತು. ಅದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಬರೆಯುತ್ತೇನೆ.

ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಬೆಳಿಗ್ಗೆ ಅವಸರದಲ್ಲಿ ಮನೆಯ ಎರಡೂ ಕೀಲಿಗಳನ್ನು ನಾನೇ ಬ್ಯಾಗಿಗೆ ಹಾಕಿಕೊಂಡು ಬಂದಿದ್ದೆ. ಮಧ್ಯಾಹ್ನ ಅವ್ವ ತೋಟದಿಂದ ನೇರವಾಗಿ ಹೋಟೆಲಿನ ಗೇಟಿಗೆ ಬಂದಳು. ಸುಗಂಧಿ ಬಾಳೆಯ ಗೊನೆ ಇಳಿಸುವ ದಿನವಂತೆ. ಸೀರೆಯ ತುಂಬ ಬಾಳೆ ರಸದ ಕಪ್ಪು ಕಲೆ, ಕಾಲಿಗೆ ಕೆಸರು, ಹಣೆಯ ಮೇಲೆ ಬೆವರು. ನಾನು ಓಡಿ ಹೋಗಿ ಕೀಲಿ ಕೊಟ್ಟೆ. ನೀರು ಬೇಕೇ ಎಂದೂ ಕೇಳಲಿಲ್ಲ. ‘ಜಲ್ದಿ ಹೋಗು’ ಅಂದೆ. ತಿರುಗಿದರೆ ನನ್ನ ಜೊತೆ ಕೆಲಸ ಮಾಡುವ ಹುಡುಗಿ ಬರುತ್ತಿದ್ದಳು. ‘ಯಾರು ಅವರು?’ ಎಂದು ಕೇಳಿದಳು.

‘ನಮ್ಮ ಊರೋರು’ ಅಂದೆ.

ಸುಳ್ಳೇನಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅವ್ವ ನಮ್ಮ ಊರಿನವಳೇ ತಾನೆ? ಆದರೂ ಆ ಮಾತು ಒಳಗೆ ಕೂತೇ ಇತ್ತು. ಬೆವರಿನ ನೆರಳು ಬೀಳಲೆಂದೇ ಬೇಕಂತಲೇ ಜೀರಿಗೆ ಬೆರೆಸಿದ ಸೆಂಟನ್ನು ಯಾರೋ ಸಾವಿರಾರು ರೂಪಾಯಿ ಕೊಟ್ಟು ಹಚ್ಚಿಕೊಳ್ಳುತ್ತಾರೆ ಎಂದು ಓದಿದ ರಾತ್ರಿ ಅದು ಎದ್ದು ಕೂತಿತು. ನಿದ್ದೆ ಬರಲಿಲ್ಲ.

ಟ್ರಂಕು ತೆರೆದ ಸಂಜೆ

ಜುಲೈ ಕೊನೆಯಲ್ಲಿ ಸಂಬಂಧಿಕರ ಮನೆಯಲ್ಲಿ ಸೀಮಂತ ಇತ್ತು. ಹಿಂದಿನ ಸಂಜೆ ಅವ್ವ ತನ್ನ ಕಬ್ಬಿಣದ ಟ್ರಂಕು ತೆರೆದಳು. ನಾನು ಮೂರು ತಾಸು ಹಿಂದೆ ಸೆಂಟು ಹಚ್ಚಿಕೊಂಡಿದ್ದೆ. ಕೈ ನೀಡಿ ಸೀರೆ ಎತ್ತಿಕೊಂಡಾಗ ಮುಂಗೈಯಿಂದಲೂ ಟ್ರಂಕಿನಿಂದಲೂ ಒಂದೇ ಪರಿಮಳ ಬಂತು. ಹೊಸಪೇಟೆಯ ಅಂಗಡಿಯಲ್ಲಿ ಎಲ್ಲೋ ಮೂಸಿದ್ದೇನೆ ಅನಿಸಿದ್ದು ಇದೇ.

ಟ್ರಂಕಿನ ಮೂಲೆಯಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ, ಬಿಚ್ಚದ ಮೈಸೂರ್ ಸ್ಯಾಂಡಲ್ ಸೋಪು ಒಂದಿತ್ತು. ನಿಮ್ಮ ಮನೆಗಳಲ್ಲೂ ಹೀಗೆ ಇಟ್ಟಿರಬಹುದು. ನಾವು ದಿನಾ ಮೈಗೆ ಹಚ್ಚುವುದು ಅಗ್ಗದ ಸೋಪು. ಗಂಧದ ಸೋಪು ನೆಂಟರು ಬಂದಾಗ, ದೀಪಾವಳಿಯ ಎಣ್ಣೆ ಸ್ನಾನಕ್ಕೆ. ಉಳಿದ ದಿನ ಅದರ ವಾಸ ಟ್ರಂಕಿನಲ್ಲಿ. ವರ್ಷಗಟ್ಟಲೆ ಸೀರೆಗಳ ನಡುವೆ ಕೂತು ಕೂತು ಅದರ ಸೋಪಿನ ಘಾಟು ಹೋಗಿ ಮರದ ಪರಿಮಳ ಮಾತ್ರ ಬಟ್ಟೆಗೆ ಇಳಿದಿತ್ತು. ಅವ್ವ ಯಾರದಾದರೂ ಮದುವೆಗೆ ಹೊರಟಾಗ ನಾನು ಚಿಕ್ಕವಳಿದ್ದಾಗ ಅವಳ ಸೆರಗಿಗೆ ಮುಖ ಒತ್ತಿ ಮೂಸುತ್ತಿದ್ದುದು ಈ ಪರಿಮಳವನ್ನೇ.

ಎಷ್ಟು ತಿಂಗಳಿಂದ ನಾನು ಅಂಕ ಕೊಡುತ್ತಿದ್ದದ್ದು ಇದಕ್ಕೆ! ಮೊದಲ ಆಟದಲ್ಲಿ ತೋಟದಿಂದ ಬಂದ ಅವ್ವ, ಕೊನೆಯ ಆಟದಲ್ಲಿ ಮದುವೆಗೆ ಹೊರಟ ಅವ್ವ. ಪ್ಯಾರಿಸ್‌ನಲ್ಲಿ ಕೂತು ಮಾಡಿದವರಿಗೆ ಇದು ಗೊತ್ತಿರಲು ಸಾಧ್ಯವಿಲ್ಲ, ನಿಜ. ನನ್ನ ಮೂಗಿಗೆ ಮಾತ್ರ ಅದು ಹಾಗೇ ಬಂತು.

‘ಯವ್ವಾ, ಆವತ್ತು ಹೋಟೆಲ್ ಗೇಟ್ ಹತ್ರ ಬಂದಿದ್ದೆಲ್ಲ...’ ಎಂದು ಶುರು ಮಾಡಿದೆ.

ಅವ್ವ ಸೀರೆ ಕೊಡವುತ್ತಲೇ, ‘ಊರೋರು ಅಂದಿದ್ದೆ. ಕೇಳಿಸ್ತು ಬಿಡು, ನಾ ಇನ್ನೂ ದೂರ ಹೋಗಿರ್ಲಿಲ್ಲ’ ಅಂದಳು.

ನಾನು ಟ್ರಂಕಿನೊಳಗೆ ನೋಡುತ್ತ ಕೂತೆ. ಅವಳೇ ಮುಂದುವರಿಸಿದಳು: ‘ನಂಗೂ ನಾಚ್ಕಿ ಆತು. ಕೈ ಕಾಲಾರ ತೊಳ್ಕೊಂಡು ಬರ್ಬೇಕಿತ್ತು, ಮಗಳು ಕೆಲ್ಸ ಮಾಡೋ ಜಾಗ ಅಂತ ದಾರಿ ತುಂಬ ಅಂದ್ಕೊಂತ ಹೋದೆ.’

ಅವಳು ಬೈದಿದ್ದರೆ ಎಷ್ಟೋ ಸುಲಭವಿತ್ತು. ನನಗೆ ಅವಳ ಬಗ್ಗೆ ಆದ ನಾಚಿಕೆಯನ್ನು ಅವಳು ತನ್ನ ತಪ್ಪೆಂದು ಇಷ್ಟು ದಿನ ಹೊತ್ತುಕೊಂಡಿದ್ದಳು. ‘ತಪ್ಪು ನಂದು ಯವ್ವಾ’ ಅಂದೆ. ಅದಕ್ಕೆ ಅವಳು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೈ ಚಾಚಿ, ‘ಅದೇನೋ ಫ್ರಾನ್ಸಿಂದು, ನಂಗೂ ಒಂದೀಟು ಹಾಕು ನೋಡೋಣ’ ಅಂದಳು.

ಹಾಕಿದೆ. ಒಂದೇ ಸೆಂಟು ಒಬ್ಬೊಬ್ಬರ ಚರ್ಮದ ಮೇಲೆ ಒಂದೊಂದು ಥರ ಎಂದು ಓದಿದ್ದೆ. ಆವತ್ತು ಕಣ್ಣಾರೆ, ಅಲ್ಲ ಮೂಗಾರೆ, ಕಂಡೆ. ನನ್ನ ಕೈ ಮೇಲೆ ಮೊದಲ ಒಂದು ತಾಸು ಜಗಳವಾಡುವ ಜೀರಿಗೆ ಅವ್ವನ ಕೈ ಮೇಲೆ ತಕರಾರೇ ತೆಗೆಯಲಿಲ್ಲ. ಮರುದಿನ ಸೀಮಂತದಲ್ಲಿ ಪಕ್ಕ ಕೂತ ಅತ್ತೆಯೊಬ್ಬರು, ‘ಏನವ್ವ, ಟ್ರಂಕಿನಾಗ ಮಲ್ಗಿ ಎದ್ದು ಬಂದೀಯೇನು?’ ಎಂದು ಕೇಳಿದರು. ಅವ್ವ ಗಂಭೀರವಾಗಿ, ‘ಫ್ರಾನ್ಸಿಂದು’ ಅಂದಳು. ಯಾರೂ ನಂಬಲಿಲ್ಲ.

ಕೊನೆಯ ಅಂಕ

ವಿಮರ್ಶೆ ಅಂದ ಮೇಲೆ ನಾಲ್ಕು ಮಾತು ನೇರವಾಗಿ ಹೇಳಬೇಕು. ಈ ಸೆಂಟು ಎಲ್ಲರಿಗೂ ಅಲ್ಲ. ಇಂಟರ್‌ವ್ಯೂಗೆ, ಬಸ್ಸಿನ ನೂಕುನುಗ್ಗಲಿಗೆ, ಏಪ್ರಿಲ್ ಮಧ್ಯಾಹ್ನಕ್ಕೆ ಖಂಡಿತ ಬೇಡ. ಮಳೆಗಾಲದ ಸಂಜೆ, ಚಳಿಗಾಲದ ಬೆಳಗು ಇದರ ಹೊತ್ತು. ಒಂದೇ ಸಿಂಪಡಿಕೆ ಸಾಕು. ದುಡ್ಡು ಕೊಟ್ಟು ಕೊಳ್ಳಿ ಎಂದು ನಾನು ಹೇಳುವುದಿಲ್ಲ, ನಾನೂ ಕೊಳ್ಳಲಾರೆ. ಆದರೆ ಯಾವುದೇ ಸೆಂಟು ಇರಲಿ, ಹತ್ತು ರೂಪಾಯಿಯ ಅತ್ತರ್ ಹತ್ತಿಯೇ ಇರಲಿ, ಕಾಗದದ ಮೇಲೆ ಮೂಸಿ ತೀರ್ಮಾನಿಸಬೇಡಿ. ಮುಂಗೈಗೆ ಹಚ್ಚಿ, ಉಜ್ಜದೆ ಹಾಗೇ ಬಿಡಿ. ಒಂದು ಸಲಕ್ಕೆ ಎರಡು ಮೂರಕ್ಕಿಂತ ಹೆಚ್ಚು ಮೂಸಬೇಡಿ. ಸಂತೆ ಮುಗಿಸಿಕೊಂಡು ಬನ್ನಿ. ಮನೆಗೆ ಹೋಗಿ ಮನೆಯವರ ಮೂಗಿಗೂ ಹಿಡಿಯಿರಿ, ಅವರು ಬ್ರ್ಯಾಂಡ್ ನೋಡಿ ಹೇಳುವುದಿಲ್ಲ.

ಕಳೆದ ವಾರ ಅವ್ವ ಮತ್ತೆ ಹೋಟೆಲಿನ ಗೇಟಿಗೆ ಬಂದಿದ್ದಳು. ಈ ಸಲ ಕೀಲಿಗಲ್ಲ, ನಾನು ಮರೆತ ಊಟದ ಡಬ್ಬಿ ಕೊಡಲು. ತೋಟದಿಂದಲೇ ಬಂದಿದ್ದಳು, ಅದೇ ಬಾಳೆ ಕಲೆಯ ಸೀರೆ. ನನ್ನ ಜೊತೆಗಾರ್ತಿ ಪಕ್ಕದಲ್ಲೇ ಇದ್ದಳು. ‘ಇವರು ನಮ್ಮವ್ವ’ ಅಂದೆ. ಅವಳು ನಮಸ್ಕಾರ ಮಾಡಿದಳು. ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ತಾನೂ ನಮಸ್ಕಾರ ಮಾಡಿ, ‘ಊಟ ಆತೇನವ್ವಾ?’ ಎಂದು ಕೇಳಿ ಹೋದಳು. ಅಷ್ಟೇ ನಡೆದದ್ದು. ಅಷ್ಟಕ್ಕೆ ನಾನು ಅಷ್ಟು ದಿನ ಹೆದರಿದ್ದೆ.

ಸೀಸೆಯಲ್ಲಿ ಈಗ ಕಾಲು ಭಾಗ ಉಳಿದಿದೆ. ದಸರಾವರೆಗೆ ಬರಬಹುದು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕೊನೆಯ ಅಂಕ ಒಂಬತ್ತು. ಒಂದು ಅಂಕ ಯಾಕೆ ಕಡಿಮೆ ಎಂದು ತಮ್ಮ ಕೇಳಿದ. ಅದು ಟ್ರಂಕಿನಲ್ಲಿರುವ ಸೋಪಿಗೆ ಎಂದು ಹೇಳಿದೆ.